ಮೇಷ್ಟ್ರಿಗೆ ಬಂದ ವಾರಂಟ್

1998ರ ಮಾತು. ಒಂಬತ್ತನೇ ತರಗತಿಗೆ ಜಡತ್ವದ ಪಾಠ ಮಾಡುತ್ತಿದ್ದೆ. ಹೊರಗಿನ ಬಲ ಬಂದು ತಳ್ಳುವವರೆಗೂ ವಸ್ತು ಇದ್ದಲ್ಲೇ ಇರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದರೆ, ಬಾಗಿಲಲ್ಲಿ ಹೆಡ್ ಕಾನ್‌ಸ್ಟೆಬಲ್ ನಿಂತಿದ್ದರು. "ಮೇಷ್ಟ್ರೇ, ಸ್ವಲ್ಪ ಹೊರಗೆ ಬನ್ನಿ. ನಿಮ್ಮ ಹೆಸರಿಗೆ ವಾರಂಟ್ ಇದೆ" ಎಂದರು. ನಲವತ್ತೆರಡು ಮಕ್ಕಳ ಕಣ್ಣೂ ನನ್ನ ಮೇಲೆ!

ನಾನು ಕಳ್ಳತನ ಮಾಡಿರಲಿಲ್ಲ. ಹಿಂದಿನ ವರ್ಷ ಶಾಲೆಗೆ ಹೋಗುವಾಗ ಲಾರಿಯೊಂದು ಸೈಕಲ್ ಸವಾರನಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡು, ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದೆ. ಸಾಕ್ಷಿ ನುಡಿಯಲು ಕೋರ್ಟಿನಿಂದ ಸಮನ್ಸ್ ಬಂತು. ರುಜು ಹಾಕಿ ತೆಗೆದುಕೊಂಡೆ. ಪರೀಕ್ಷೆಯ ಕಾಲ, ಹೋಗಲಿಲ್ಲ. ಎರಡನೆಯದೂ ಬಂತು. ನಾನೊಬ್ಬ ಹೋಗದಿದ್ದರೆ ಕೋರ್ಟು ನಿಲ್ಲುತ್ತದೆಯೇ ಎಂದುಕೊಂಡು ಅದನ್ನು ಪಾಠ ಟಿಪ್ಪಣಿಯ ಪುಸ್ತಕದೊಳಗೆ ಇಟ್ಟೆ. ಮೂರನೆಯ ಸಲ ಬಂದದ್ದು ವಾರಂಟ್.

ಪುಣ್ಯಕ್ಕೆ ಅದು ಜಾಮೀನು ಸಿಗುವ ವಾರಂಟು. ಇಂಥ ದಿನ ಹಾಜರಾಗುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟೆ. ಹೆಡ್‌ಮಾಸ್ಟರು ಜಾಮೀನಿಗೆ ರುಜು ಹಾಕಿದರು. ಜಾಮೀನುರಹಿತ ವಾರಂಟಾಗಿದ್ದರೆ ಪೊಲೀಸರು ಕರೆದುಕೊಂಡೇ ಹೋಗಿ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಿದ್ದರು.

"ಹೋಂವರ್ಕ್ ಮಾಡದೆ ಬಂದ ಹುಡುಗನಿಗೆ ನೀವೇನು ಮಾಡುತ್ತೀರಿ ಮೇಷ್ಟ್ರೇ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ನಾನು ತಲೆ ತಗ್ಗಿಸಿದೆ. ಐವತ್ತು ರೂಪಾಯಿ ದಂಡ ಹಾಕಿ, ಸಾಕ್ಷ್ಯ ಬರೆಸಿಕೊಂಡರು.

ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಆ ಸೈಕಲ್ ಸವಾರ ಊರುಗೋಲು ಹಿಡಿದು ಕುಳಿತಿದ್ದ. ಪಕ್ಕದಲ್ಲಿ ಹೆಂಡತಿ. "ಇವತ್ತಾದ್ರೂ ಬಂದ್ರಲ್ಲ ಸ್ವಾಮಿ. ಎರಡು ಸಲ ಬಂದು ವಾಪಸ್ ಹೋದ್ವಿ. ಬಸ್ ಚಾರ್ಜೂ ಹೋಯ್ತು, ಇವಳ ಕೂಲೀನೂ ಹೋಯ್ತು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಐವತ್ತು ರೂಪಾಯಿ ಅಂದೇ ಕಟ್ಟಿದೆ. ಈ ಸಾಲ ಇನ್ನೂ ಉಳಿದಿದೆ.

ಆಮೇಲೆ ಕಾನೂನಿನ ಪುಸ್ತಕ ತಿರುವಿ ನೋಡಿದೆ. ವಾರಂಟ್ ಹಳೆಯದಾಯಿತೆಂದು ತಾನಾಗಿ ಸಾಯುವುದಿಲ್ಲ. ಕೋರ್ಟು ರದ್ದು ಮಾಡಬೇಕು ಇಲ್ಲವೇ ಜಾರಿಯಾಗಬೇಕು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ. ಸಮನ್ಸಿಗೆ ಓಗೊಡದ ಸಾಕ್ಷಿಗೆ ಕೋರ್ಟು ಅಲ್ಲೇ 500 ರೂಪಾಯಿವರೆಗೆ ದಂಡ ಹಾಕಬಹುದು. ಬೇಕೆಂದೇ ತಪ್ಪಿಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 208ನೇ ಕಲಮಿನಂತೆ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೋರ್ಟಿನ ಆದೇಶವನ್ನು ಬೇಕೆಂದೇ ಪಾಲಿಸದಿದ್ದರೆ ಅದು ನ್ಯಾಯಾಂಗ ನಿಂದನೆ. ದೊಡ್ಡವರಿಗೆ ವಿನಾಯಿತಿ ಉಂಟೆಂದು ತಿಳಿಯಬೇಡಿ. 1995ರಲ್ಲಿ ನಮ್ಮ ಕರ್ನಾಟಕದ ಹಿರಿಯ ಐಎಎಸ್ ಅಧಿಕಾರಿಯೊಬ್ಬರಿಗೆ ಸುಪ್ರೀಂ ಕೋರ್ಟು ಇದೇ ಕಾರಣಕ್ಕೆ ಒಂದು ತಿಂಗಳ ಸಜೆ ವಿಧಿಸಿತ್ತು.

ತಂದೆ ತಾಯಂದಿರಿಗೆ ಇನ್ನೊಂದು ಮಾತು. ವಾರಂಟ್ ಬರವಣಿಗೆಯಲ್ಲಿರಬೇಕು, ನ್ಯಾಯಾಧೀಶರ ರುಜು, ಕೋರ್ಟಿನ ಮೊಹರು ಇರಬೇಕು. ಬಂಧಿಸಲು ಬಂದವರು ಕೇಳಿದರೆ ಅದನ್ನು ತೋರಿಸಲೇಬೇಕು. ಫೋನಿನಲ್ಲಿ ಮುಖ ತೋರಿಸಿ "ಡಿಜಿಟಲ್ ಅರೆಸ್ಟ್" ಎಂದು ಹಣ ಕೇಳುವವರು ಶುದ್ಧ ಮೋಸಗಾರರು. ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ಆದರೆ ನಿಜವಾದ ಸಮನ್ಸ್ ಬಂದರೆ ಪುಸ್ತಕದೊಳಗೆ ಬಚ್ಚಿಡಬೇಡಿ. ಹೋಗಲಾಗದಿದ್ದರೆ ಮೊದಲೇ ಕಾರಣ ತಿಳಿಸಿ ಬೇರೆ ತಾರೀಖು ಕೇಳಿಕೊಳ್ಳಿ.

ಈಗಲೂ ಬೆಳಿಗ್ಗೆ ಹಾಜರಿ ಕೂಗುವಾಗ ಮಕ್ಕಳು "ಬಂದಿದ್ದೇನೆ ಸಾರ್" ಎನ್ನುತ್ತಾರೆ. ಬೇವಿನ ಮರದ ಕೆಳಗೆ ಎರಡು ಸಲ ಕಾದು ಹೋದವರ ನೆನಪಾಗುತ್ತದೆ. ಅಂದು ನಾನು ಹೇಳಬೇಕಾಗಿದ್ದುದೂ ಅಷ್ಟೇ ಮಾತು.