ತಪ್ಪು ಯಾರದು?

ರಸ್ತೆ ಅಪಘಾತದ ಸ್ಥಳದಲ್ಲಿ ತೀರ್ಪು ಹೊರಬೀಳಲು ಐದು ನಿಮಿಷವೂ ಬೇಕಿಲ್ಲ. ಕಾರು ಮತ್ತು ಬೈಕ್ ಢಿಕ್ಕಿಯಾದರೆ ತಪ್ಪು ಕಾರಿನವನದು. ಬೈಕ್ ಪಾದಚಾರಿಗೆ ಬಡಿದರೆ ತಪ್ಪು ಬೈಕಿನವನದು. ದೊಡ್ಡ ವಾಹನದವನೇ ಅಪರಾಧಿ ಎಂಬುದು ನಮ್ಮ ರಸ್ತೆಗಳ ಅಲಿಖಿತ ಕಾನೂನು. ಚಾಲಕನ ಹೆಸರು ಕೇಳಿದ ಮೇಲೆ ಈ ತೀರ್ಪು ಬದಲಾಗುವುದೂ ಉಂಟು.

ಎರಡು ವರ್ಷಗಳ ಹಿಂದೆ ನಮ್ಮ ಜಮಾಅತಿನ ಹುಡುಗನೊಬ್ಬ ಅಡ್ಡರಸ್ತೆಯಿಂದ ಬೈಕ್ ನಿಲ್ಲಿಸದೆ ಹೆದ್ದಾರಿಗೆ ಬಂದ. ವೇಗವಾಗಿ ಬರುತ್ತಿದ್ದ ಕಾರು ಬಡಿದು ಅವನ ಕಾಲಿನ ಮೂಳೆ ಮುರಿಯಿತು. ಬಸ್‌ಗಾಗಿ ಕಾಯುತ್ತಿದ್ದ ನಮ್ಮ ಕಣ್ಣೆದುರೇ ಇದು ನಡೆಯಿತು. ಪೊಲೀಸರು ಕೇಳಿದಾಗ ಎರಡನ್ನೂ ಹೇಳಿದೆವು: ಹುಡುಗ ನಿಲ್ಲಿಸಲಿಲ್ಲ, ಕಾರು ವೇಗ ತಗ್ಗಿಸಲಿಲ್ಲ.

ಅಂದು ಮಗ್ರಿಬ್ ನಮಾಝ್ ಮುಗಿಸಿ ಹೊರಬಂದಾಗ ಹಿರಿಯರೊಬ್ಬರು ಹೇಳಿದರು: "ನಮ್ಮದೇ ಹುಡುಗ ಅಲ್ವಾ? ಅರ್ಧ ಹೇಳಿದ್ದರೆ ಸಾಕಿತ್ತು. ಬಡವನಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು."

ಅವರ ಮಾತು ಆಧಾರವಿಲ್ಲದ್ದಲ್ಲ. ಪೊಲೀಸರ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಸಾಕ್ಷಿಗಳ ಹೇಳಿಕೆ ಇವೆಲ್ಲವನ್ನೂ ತೂಗಿ ಪರಿಹಾರ ನ್ಯಾಯಮಂಡಳಿ ತಪ್ಪನ್ನು ನಿರ್ಧರಿಸುತ್ತದೆ. ಗಾಯಾಳುವಿನದೂ ಪಾಲಿದ್ದರೆ ಪರಿಹಾರ ಅಷ್ಟರಮಟ್ಟಿಗೆ ಕಡಿತವಾಗುತ್ತದೆ. ಹಾಗೆಂದು ನಿಯಮ ಮುರಿದವನೆಲ್ಲ ಅಪಘಾತಕ್ಕೆ ಕಾರಣನಲ್ಲ. ಒಂದೇ ಬೈಕಿನಲ್ಲಿ ಮೂವರು ಸಾಗುವುದು ಕಾನೂನುಬಾಹಿರ. ಆದರೆ ಅದು ಅಪಘಾತಕ್ಕಾಗಲಿ, ಅದರ ಪರಿಣಾಮಕ್ಕಾಗಲಿ ಕಾರಣವಾಯಿತೆಂದು ಸಾಬೀತಾಗದೆ ಸವಾರನ ಮೇಲೆ ತಪ್ಪಿನ ಪಾಲು ಹೊರಿಸಲಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟು ಸೂಕ್ಷ್ಮವಾಗಿ ತೂಗುವ ತಕ್ಕಡಿಗೆ ಅರ್ಧ ಸತ್ಯ ಹಾಕಿದರೆ ಅನ್ಯಾಯವಾಗುವುದು ಯಾರಿಗೆ? ಇಂದು ಕಾರಿನವನಿಗೆ, ನಾಳೆ ನಮ್ಮದೇ ಮಗನಿಗೆ.

ಸ್ವತಃ ನಮಗೆ, ನಮ್ಮ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಆದೇಶಿಸುತ್ತದೆ. ಎದುರಿಗಿರುವವನು ಸಿರಿವಂತನೇ ಬಡವನೇ ಎಂಬುದೂ ಅಡ್ಡಬರಬಾರದು ಎನ್ನುತ್ತದೆ.

ಹಾಗಾದರೆ ಕರುಣೆಗೆ ಸ್ಥಳವಿಲ್ಲವೇ? ಇದೆ. ಅದೇ ಅಧ್ಯಾಯದ 92ನೇ ಸೂಕ್ತವು ಅರಿಯದೆ ಆದ ಹತ್ಯೆಗೂ ಮೃತನ ಕುಟುಂಬಕ್ಕೆ ಪರಿಹಾರ ವಿಧಿಸುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲೂ ವಾಹನ ಮಾಲಿಕನ ಅಥವಾ ವಿಮಾ ಕಂಪೆನಿಯ ಮೇಲೆ ಅಂಥದೇ ಹೊಣೆಯಿದೆ. ಯಾರ ತಪ್ಪೆಂದು ಸಾಬೀತುಪಡಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಮೂಳೆ ಮುರಿತವೂ ತೀವ್ರ ಗಾಯವೇ. ಬಡವನಿಗೆ ನೆರವಾಗಬೇಕೆಂದಿದ್ದರೆ ಆ ಅರ್ಜಿ ಬರೆದುಕೊಡೋಣ. ಅದಕ್ಕಾಗಿ ಸಾಕ್ಷ್ಯವನ್ನು ತಿರುಚಬೇಕಾಗಿಲ್ಲ.

ಗಾಯಾಳುವಿಗೆ ನೆರವಾದವರನ್ನು ಸಾಕ್ಷಿಯಾಗುವಂತೆ ಪೊಲೀಸರು ಬಲವಂತಪಡಿಸುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮಾರ್ಗಸೂಚಿಗಳು ಈ ರಕ್ಷಣೆ ನೀಡಿವೆ. ಅಂದರೆ ಸಾಕ್ಷಿ ನುಡಿಯುವುದನ್ನು ಕಾನೂನು ನಮ್ಮ ಮನಸ್ಸಾಕ್ಷಿಗೇ ಬಿಟ್ಟಿದೆ. ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕೆಂದು ನಂಬುವವರು, ಕಂಡದ್ದನ್ನು ಕಂಡಂತೆ ಹೇಳಲು ಬಲವಂತಕ್ಕಾಗಿ ಕಾಯಬೇಕೇ?