ಹೊಸ್ತಿಲು ದಾಟುವ ಮುನ್ನ

ಬನ್ನಿ, ಮೆಲ್ಲ ಕಾಲಿಡಿ. ಅಂಗಳದ ಕಲ್ಲಿಗೆ ಪಾಚಿ ಹಿಡಿದಿದೆ, ಜಾರುತ್ತದೆ. ಗಂಟೆ ಇನ್ನೂ ಆರಾಗಿಲ್ಲ. ರಾತ್ರಿಯಿಡೀ ಹೊಡೆದ ಮಳೆ ಈಗಷ್ಟೇ ಬಿಟ್ಟಿದೆ; ಹಂಚಿನ ಅಂಚಿನಿಂದ ಹನಿ ತೊಟ್ಟಿಕ್ಕುವುದು ನಿಂತಿಲ್ಲ. ಅಜೆಕಾರಿನಿಂದ ಮೂಡಣಕ್ಕೆ ನೋಡಿದರೆ ಘಟ್ಟದ ಸಾಲು ಕಾಣಬೇಕು. ಇವತ್ತು ಮಂಜು ಅದನ್ನು ಪೂರ್ತಿ ನುಂಗಿದೆ.

ಸೆಪ್ಟೆಂಬರ್ ತಿಂಗಳ ಮೊದಲ ವಾರ. ತುಳುವರಿಗೆ ಇದು ಸೋಣ ತಿಂಗಳು. ಹೊಸ್ತಿಲು ತೊಳೆದು, ರಂಗೋಲಿ ಎಳೆದು, ಹೂವಿಟ್ಟು ಪೂಜಿಸುವ ಕಾಲ. ಪಕ್ಕದ ಮನೆಯ ಕ್ರೈಸ್ತರಿಗೆ ಮೊಂತಿ ಹಬ್ಬದ ನೊವೆನಾ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ ಹಿಡಿದು ಚರ್ಚಿಗೆ ಹೋಗಿ ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ಕ್ಕೆ ಹಬ್ಬ, ಹೊಸ ತೆನೆ, ಎಲೆಯ ಮೇಲೆ ಊಟ. ಎರಡು ಮನೆಗೂ ಹೂ ಬೇಕು, ಎರಡು ಮನೆಗೂ ಹೂದೋಟ ಒಂದೇ, ನಮ್ಮ ಅಂಗಳದ್ದು. ಪಕ್ಕದ ಮನೆಯ ಮೂರನೇ ಕ್ಲಾಸಿನ ಪುಟ್ಟ ಹುಡುಗಿ ಆಗಲೇ ಬುಟ್ಟಿಯೊಂದಿಗೆ ತುಳಸಿಕಟ್ಟೆಯ ಹತ್ತಿರ ಬಂದು ನಿಂತಿದ್ದಾಳೆ.

ಅಮ್ಮ ನಿಮ್ಮ ಕೈಗೊಂದು ಅಡಿಕೆ ಹಾಳೆ ಕೊಡುತ್ತಾಳೆ. ಹೂ ಮೊದಲು ಬೀಳುವುದು ಬುಟ್ಟಿಗಲ್ಲ, ಇದಕ್ಕೆ. ಹಾಳೆಯ ಒಳಮೈ ನಸುಬಿಳಿ, ನಯ. ಅದರ ಮೇಲೆ ಸಾಸಿವೆಯಷ್ಟು ಜೀವ ಹರಿದರೂ ಕಣ್ಣಿಗೆ ಬೀಳುತ್ತದೆ.

ಅವಳು ಮೊದಲು ಮುಟ್ಟುವುದು ಕೇಪುಳದ ಗಿಡವನ್ನು. ಮುಟ್ಟುವುದೂ ಅಲ್ಲ, ಬಗ್ಗಿ ನೋಡುತ್ತಾಳೆ. "ಪಿಜಿನ್ ಉಂಡು, ತೂಲ" ಎನ್ನುತ್ತಾಳೆ, ಇರುವೆ ಇದೆ ನೋಡು. ಕೆಂಪು ಗೊಂಚಲಿನ ನಡುವೆ ಕೆಂಪಿರುವೆ ಮೊದಲ ನೋಟಕ್ಕೆ ಕಾಣುವುದಿಲ್ಲ. ಸ್ವಲ್ಪ ಮೇಲೆ ನೋಡಿ: ನಾಲ್ಕೈದು ಎಲೆಗಳನ್ನು ಬಿಳಿ ನೂಲಿನಿಂದ ಹೊಲಿದಂತೆ ಒಂದು ಉಂಡೆ. ಅದು ಅವುಗಳ ಗೂಡು. ಆ ನೂಲು ಮರಿಹುಳುಗಳ ಬಾಯಿಯಿಂದ ಬಂದ ರೇಷ್ಮೆ. ಗೂಡಿನ ಕೊಂಬೆಯನ್ನು ಅಮ್ಮ ಮುಟ್ಟುವುದೇ ಇಲ್ಲ. ದೂರದ ಗೊಂಚಲೊಂದನ್ನು ಕೊಯ್ದು, ತಲೆಕೆಳಗಾಗಿ ಹಿಡಿದು, ತೊಟ್ಟಿಗೆ ಬೆರಳಲ್ಲಿ ನಾಲ್ಕು ಸಲ ತಟ್ಟುತ್ತಾಳೆ. ಮೂರು ಇರುವೆ ಗಿಡದ ಮೇಲೆಯೇ ಉದುರುತ್ತವೆ. ಉದುರಿದ್ದು ತನ್ನ ದಾರಿ ಹಿಡಿದು ಹೋಗುತ್ತದೆ. ಊದಿದರೆ ಮಾತ್ರ ಸಿಟ್ಟಾಗಿ ಕೈಗೆ ಹತ್ತುತ್ತದೆ.

ಇಷ್ಟು ಬೇಗ ಯಾಕೆ ಏಳಬೇಕು ಅಂತ ಈಗ ನಿಮಗೂ ತಿಳಿಯುತ್ತದೆ. ಹುಳಗಳ ಮೈಬಿಸಿ ಗಾಳಿಯ ಬಿಸಿಯನ್ನೇ ನಂಬಿಕೊಂಡದ್ದು. ಈ ತಂಪಿನಲ್ಲಿ ಅವಕ್ಕೆ ಓಡಲಾಗದು, ಹಾರಲಾಗದು, ತಟ್ಟಿದರೆ ಉದುರುತ್ತವೆ. ಎಂಟು ಗಂಟೆಯ ಬಿಸಿಲು ಬಿದ್ದರೆ ಇದೇ ಹೂವಿನ ಮೇಲೆ ತೊಡುವೆ, ಮುಜಂಟಿ, ನೊಣ ಎಲ್ಲ ನೆರೆದು, ನಿಮ್ಮ ಕೈಗೂ ಅವುಗಳ ಕೆಲಸಕ್ಕೂ ಜಗಳ.

ತುಳಸಿಕಟ್ಟೆಯ ಪಕ್ಕಕ್ಕೆ ಬನ್ನಿ, ಉಸಿರು ಬಿಗಿಹಿಡಿಯಿರಿ. ಒಣಗಿದ ತೆನೆಯೊಂದನ್ನು ಸಾಲಾಗಿ ಕಚ್ಚಿ ಹಿಡಿದು ಐದು ಜೇನು ನೇತಾಡುತ್ತಿವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ, ಮಂಜಿನ ಹನಿಯಲ್ಲಿ ಹೊಳೆಯುತ್ತಿದೆ. ಇವು ಗಂಡು; ಇವಕ್ಕೆ ಗೂಡಿಲ್ಲ. ಗಂಡು ಹುಳಗಳು ರಾತ್ರಿ ಹೀಗೆಯೇ ದವಡೆಯಲ್ಲಿ ಕಡ್ಡಿ ಕಚ್ಚಿಕೊಂಡು ಮಲಗುತ್ತವೆ. ಹುಡುಗಿ ಬೆರಳು ಚಾಚುತ್ತಾಳೆ. "ಮಲಗಿದವರನ್ನು ಏಳಿಸಬಾರದು" ಎಂದು ಅಮ್ಮ ಅವಳ ಕೈಯನ್ನು ದಾಸವಾಳದ ಕಡೆ ತಿರುಗಿಸುತ್ತಾಳೆ.

ದಾಸವಾಳದಲ್ಲಿ ಎರಡು ಎಚ್ಚರ. ಒಂದು, ನಿನ್ನೆ ಅರಳಿ ಸಂಜೆಗೆ ಸುರುಟಿದ ಹೂವನ್ನು ಕೊಯ್ಯಬಾರದು; ಆ ಸುರುಳಿಯೊಳಗೆ ಯಾರಿದ್ದಾರೆಂದು ತಿಳಿಯದು. ಇನ್ನೊಂದು ಇಲ್ಲಿದೆ, ನೋಡಿ: ಎಸಳಿನ ಅಂಚನ್ನು ಅರ್ಧ ತಿಂದು ಕುಳಿತ ದುಂಬಿ, ಕಪ್ಪು ಮೈ, ಅಡ್ಡಕ್ಕೆ ಕಿತ್ತಳೆ ಪಟ್ಟೆ. ಚೆಂದ ಅಂತ ಹಿಡಿಯಬೇಡಿ. ಹಿಸುಕಿದರೆ ಅದರ ಮೈಯಿಂದ ಬರುವ ಕ್ಯಾಂಥರಿಡಿನ್ ಎಂಬ ರಸ ಚರ್ಮಕ್ಕೆ ಬೊಕ್ಕೆ ಏಳಿಸುತ್ತದೆ. ಕಡ್ಡಿಯಿಂದ ತಳ್ಳಿದರೆ ಸಾಕು, ಬೀಳುತ್ತದೆ. ತೊಟ್ಟಿನ ಬುಡದಲ್ಲಿ ಬಿಳಿ ಹತ್ತಿಯಂತೆ ಅಂಟಿದ್ದು ಹಿಟ್ಟು ತಿಗಣೆ. ಅದಿದ್ದ ಕೊಂಬೆಯ ಹೂವನ್ನು ಹಾಗೆಯೇ ಬಿಡಿ. ಅದರ ಸಿಹಿ ಅಂಟಿಗೆ ಇರುವೆ ಕಾವಲು ಕೂತಿರುತ್ತದೆ. ಒಂದನ್ನು ಮನೆಗೆ ತಂದರೆ ಇನ್ನೊಂದು ತಾನಾಗಿ ಬರುತ್ತದೆ.

ಕರ್ಣಕುಂಡಲದ ಎಲೆಯ ಅಡಿಯಲ್ಲಿ ಬೆರಳುದ್ದದ ಹುಳು, ಬಾಲದಲ್ಲಿ ಕೊಂಬು. ಹುಡುಗಿ ಕಿರುಚುತ್ತಾಳೆ. ಅಮ್ಮ ಎಲೆಸಮೇತ ಕಿತ್ತು ಗಿಡದ ಬುಡಕ್ಕೆ ಇಡುತ್ತಾಳೆ. ನಾಲ್ಕು ದಿನ ಎಲೆ ತಿಂದು ಮಣ್ಣಿಗಿಳಿದು, ಮುಂದೆ ಅದು ಮುಸ್ಸಂಜೆ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುವ ದೊಡ್ಡ ಪತಂಗವಾಗುತ್ತದೆ.

ಕೊನೆಗೆ ಗೊಂಡೆ ಹೂ. ಹಾಳೆಯ ಮೇಲೆ ಕವುಚಿ ಹಿಡಿದು ತಟ್ಟಿ. ಏನೂ ಇಲ್ಲವೆ? ಸ್ವಲ್ಪ ತಾಳಿ. ಕಪ್ಪು ನೂಲಿನ ಚೂರುಗಳು ಬಿದ್ದಿದ್ದವಲ್ಲ, ಅವು ಹರಿಯತೊಡಗಿದವು. ಥ್ರಿಪ್ಸ್ ನುಸಿ, ಉದ್ದ ಹೆಚ್ಚೆಂದರೆ 2 ಮಿಲಿಮೀಟರ್. ಎಸಳುಗಳ ಸಂದಿಯಲ್ಲಿ ಕೂತು ಕೆರೆದು ರಸ ಹೀರುತ್ತದೆ. ಒತ್ತೊತ್ತಾಗಿ ಎಸಳಿರುವ ಹೂವಿನಲ್ಲಿ ತಟ್ಟಿದಷ್ಟೂ ಇದೆ. ಹಾಗಾಗಿ ಗೊಂಡೆ, ಕೇಪುಳಕ್ಕೆ ಅಮ್ಮ ಮಳೆನೀರಿನ ಬಕೆಟ್ ಇಟ್ಟಿದ್ದಾಳೆ. ಮುಳುಗಿಸಿ ಎರಡು ಸಲ ಅಲುಗಿಸಿ ತೆಗೆದರೆ ನುಸಿ ತೇಲುತ್ತದೆ. ದಾಸವಾಳಕ್ಕೆ ನೀರು ಸಲ್ಲ, ಎಸಳು ಮೆತ್ತಗಾಗುತ್ತದೆ. ಮಲ್ಲಿಗೆಗೂ ಸಲ್ಲ.

ಮಲ್ಲಿಗೆಯ ಪಾಠ ಅಮ್ಮನಿಗೆ ತವರಿನದು, ಕಾಪು ತಾಲೂಕಿನ ಶಂಕರಪುರದ ಕಡೆಯದು. ಅಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟುವ ಕೈ ಪ್ರತಿ ಮೊಗ್ಗನ್ನೂ ಮುಟ್ಟಿ ನೋಡುತ್ತದೆ. ಸೂಜಿ ತೂತು ಕಂಡರೆ ಒಳಗೆ ಮೊಗ್ಗು ಕೊರೆಯುವ ಹುಳು, ಬಣ್ಣ ನೇರಳೆಗೆ ತಿರುಗಿದ್ದರೆ ಒಳಗೆ ನೊಣದ ಮರಿ. ಅಂಥ ಮೊಗ್ಗು ನಾರಿಗೆ ಹತ್ತುವುದಿಲ್ಲ. ಆ ಅಭ್ಯಾಸವೇ ಇಲ್ಲಿ ಅವಳ ಮಾತಾಗಿದೆ: "ಹೂ ಕೊಯ್ದು ಹುಳ ಹುಡುಕುವುದಲ್ಲ, ಹುಳ ನೋಡಿ ಹೂ ಕೊಯ್ಯುವುದು."

ಈಗ ಹಾಳೆಯನ್ನು ಜಗಲಿಯ ತುದಿಯಲ್ಲಿ, ನೆರಳಿನಲ್ಲಿಡಿ. ಹೂ ಒಂದರ ಮೇಲೊಂದು ರಾಶಿ ಬೀಳದಂತೆ ಹರಡಿ. ಇನ್ನು ಅರ್ಧ ಗಂಟೆ ಯಾರೂ ಮುಟ್ಟಬಾರದು. ಉಳಿದ ಜೀವಗಳು ಬೆಳಕಿನ ಕಡೆಗೆ ತಾವೇ ಹೊರಡುತ್ತವೆ. ನೀವು ಕಾಫಿ ಕುಡಿಯುತ್ತ ನೋಡುತ್ತಿರುವಾಗಲೇ ಬಿಳಿ ನಂದಬಟ್ಟಲಿನಿಂದ ಒಂದು ಬಿಳಿ ಜೇಡ ಇಳಿಯುತ್ತದೆ. ಏಡಿಯಂತೆ ಅಡ್ಡಡ್ಡ ನಡೆದು, ಹಾಳೆಯ ಅಂಚಿಗೆ ಬಂದು, ಎಳೆ ಬಿಟ್ಟು ಅಂಗಳಕ್ಕೆ ಜಾರುತ್ತದೆ. ಹುಡುಗಿ ಈ ಸಲ ಕಿರುಚಲಿಲ್ಲ.

ಇದಕ್ಕೆಲ್ಲ ಒಂದು ಸ್ಪ್ರೇ ಹೊಡೆದರಾಯಿತಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಹೂ ಮುಡಿಗೇರುತ್ತದೆ, ಮಕ್ಕಳ ಕೈ ಸೇರುತ್ತದೆ. ಆ ಕೈಯೇ ಆಮೇಲೆ ಬಾಯಿಗೆ ಹೋಗುತ್ತದೆ. ಸ್ಪ್ರೇಗೆ ನುಸಿಯೂ ಒಂದೇ, ತುಳಸಿಕಡ್ಡಿಗೆ ಕಚ್ಚಿ ಮಲಗಿದ ನೀಲಿ ಪಟ್ಟೆಯ ಜೇನೂ ಒಂದೇ. ನಾವು ಕೇಳಿದ್ದು ಹೂವನ್ನು ಮಾತ್ರ. ಅದರಲ್ಲಿ ವಾಸವಿದ್ದವರನ್ನು ಗಿಡಕ್ಕೆ ಹಿಂದಿರುಗಿಸುವುದು ಪೂಜೆಯ ಮೊದಲ ಕೆಲಸ ಎಂದೇ ನನ್ನ ನಂಬಿಕೆ.

ಗಂಟೆ ಏಳು. ಅಮ್ಮ ಎರಡು ಹಿಡಿ ಹೂವನ್ನು ಹೊಸ್ತಿಲಿಗೆ ಎತ್ತಿಟ್ಟು, ಉಳಿದದ್ದನ್ನು ಹುಡುಗಿಯ ಬುಟ್ಟಿಗೆ ತುಂಬುತ್ತಾಳೆ. ಅವಳು ಒಂದೊಂದನ್ನೂ ತಾನೇ ಇನ್ನೊಮ್ಮೆ ತಿರುಗಿಸಿ ನೋಡಿ ಚರ್ಚಿನ ದಾರಿ ಹಿಡಿಯುತ್ತಾಳೆ. ನಾಳೆ ನಿಮ್ಮ ಅಂಗಳದ ಹೂ ಒಳಗೆ ತರುವಾಗ ನೀವೂ ಇಷ್ಟು ಮಾಡಿ: ಬಿಸಿಲೇರುವ ಮೊದಲು ಕೊಯ್ಯಿರಿ, ಗಿಡದ ಮೇಲೆಯೇ ತಟ್ಟಿ, ಅರ್ಧ ಗಂಟೆ ಜಗಲಿಯಲ್ಲಿ ಬಿಡಿ.