ಯಾವ ಬೇಕರಿದು ಮೇಡಂ?



ಇವತ್ತು ತಿಂಡಿ ವಿಷಯ ಬರೀತಿದೀನಿ, ನಗಬೇಡಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ನಮ್ಮ ಆಫೀಸಲ್ಲಿ ವರ್ಷದ ಕೊನೇ ವಾರ ಎಲ್ಲರೂ ಮನೆಯಿಂದ ಒಂದೊಂದು ತಿಂಡಿ ತಂದು ಒಟ್ಟಿಗೆ ತಿಂತಾರೆ. ಹೋದ ವರ್ಷ ನಾನು ಕಾಯಿ ಹೋಳಿಗೆ ಮಾಡ್ಕೊಂಡು ಹೋಗಿದ್ದೆ. ಒಬ್ಬರಿಗೆ ಉಪವಾಸ, ಒಬ್ಬರಿಗೆ ಶುಗರ್, ಇನ್ನೊಬ್ಬರು "ಈಗ ತಾನೇ ತಿಂದೆ ಮೇಡಂ" ಅಂದ್ರು. 20 ಹೋಳಿಗೆಯಲ್ಲಿ 17 ವಾಪಸ್ ಮನೆಗೆ ಬಂದವು. ಅದರ ಹಿಂದಿನ ವರ್ಷ ಟೈಮಿಲ್ಲ ಅಂತ ಬೇಕರಿಯಿಂದ ದಿಲ್‌ಪಸಂದ್ ತಗೊಂಡು ಹೋಗಿದ್ದೆ. ಹತ್ತೇ ನಿಮಿಷದಲ್ಲಿ ಖಾಲಿ. ಆ ಶುಗರ್‌ನವರೇ ಎರಡು ಪೀಸ್ ತಿಂದಿದ್ರು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ. ಆದ್ರೆ "ನನ್ನ ಹೋಳಿಗೆ ತಿನ್ನಲಿಲ್ಲ" ಅಂತ ಅರ್ಜಿ ಬರೆದುಕೊಡೋಕಾಗುತ್ತಾ? ದಿನಾ ಟಪಾಲು ನೋಡೋಳು ನಾನು, ಅಂಥ ಅರ್ಜಿಯನ್ನ ಯಾವ ಫೈಲಿಗೆ ಹಾಕ್ಬೇಕು ಅಂತ ನನಗೇ ಗೊತ್ತಾಗಲ್ಲ.

ಈ ಸಲ ಮಗಳು ಪಿಯುಸಿ ಓದೋಳು ಪಟ್ಟು ಹಿಡಿದಳು. "ಅಮ್ಮಾ, ಸೇಬಿನ ಪಫ್ಸ್ ಮಾಡೋಣ. ಹಿಟ್ಟು ಕಲಸೋದೂ ಬೇಡ, ಸೂಪರ್ ಮಾರ್ಕೆಟ್ಟಲ್ಲಿ ಶೀಟ್ ರೆಡಿ ಸಿಗುತ್ತೆ." ಎಗ್ ಪಫ್ಸ್, ದಿಲ್‌ಪಸಂದ್‌ಗೆಲ್ಲ ಹಾಕೋದು ಅಂಥದ್ದೇ ಹಿಟ್ಟು. ಮೈದಾ ಹಿಟ್ಟಿನ ಮಧ್ಯೆ ಬೆಣ್ಣೆನೋ ಮಾರ್ಗರಿನ್ನೋ ಇಟ್ಟು, ಮಡಚಿ ಲಟ್ಟಿಸಿ, ಮತ್ತೆ ಮಡಚಿ ಲಟ್ಟಿಸಿ ಪದರ ಪದರ ಮಾಡಿರ್ತಾರೆ. ಒಲೆ ಬಿಸಿಗೆ ಹಿಟ್ಟಿನೊಳಗಿನ ನೀರು ಆವಿಯಾಗಿ ಒಂದೊಂದು ಪದರಾನೂ ಮೇಲೆತ್ತುತ್ತೆ. ಅಷ್ಟೇ ಗುಟ್ಟು.

ಡಿಸೆಂಬರ್ 25. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ದಿನ. ಬೆಳಿಗ್ಗೆ ಕಾರ್ಯಕ್ರಮ ಮುಗಿಸಿ, ಬ್ಯಾನರ್ ಸುತ್ತಿಟ್ಟು, ಸಂಜೆ ಅಡುಗೆ ಮನೆಗೆ ಇಳಿದ್ವಿ.

ಮಾಡೋರಿಗೆ ಲೆಕ್ಕ ಹೇಳ್ತೀನಿ. ನಾಲ್ಕು ಸೇಬು, ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ. ಬಾಣಲೆಗೆ ಒಂದು ಚಮಚ ಬೆಣ್ಣೆ, ಸೇಬು, ಐದಾರು ಚಮಚ ಸಕ್ಕರೆ, ಅರ್ಧ ಚಮಚ ಚಕ್ಕೆ ಪುಡಿ, ಸ್ವಲ್ಪ ನಿಂಬೆರಸ. ನೀರು ಆರೋವರೆಗೂ ಬಾಡಿಸಿ, ಪೂರ್ತಿ ತಣ್ಣಗಾಗೋಕೆ ಬಿಡಿ. ಬಿಸಿ ಇದ್ದಾಗ್ಲೇ ತುಂಬಿದ್ರೆ ಜಿಡ್ಡು ಕರಗಿ ಹಿಟ್ಟು ಮುದ್ದೆಯಾಗುತ್ತೆ. ಶೀಟನ್ನೂ ಫ್ರಿಜ್ಜಿನಲ್ಲೇ ಇಟ್ಟು ನಿಧಾನಕ್ಕೆ ಮೆತ್ತಗೆ ಮಾಡ್ಕೊಳ್ಳಿ. ನಾಲ್ಕು ಶೀಟು, ಒಂದೊಂದನ್ನ ನಾಲ್ಕು ಚೌಕ ಮಾಡಿದ್ರೆ 16. ಮಧ್ಯೆ ಒಂದು ಚಮಚ ಹೂರಣ, ತ್ರಿಕೋನ ಮಡಚಿ ಅಂಚನ್ನ ಫೋರ್ಕಿನಿಂದ ಒತ್ತಿ. ಆವಿ ಹೋಗೋಕೆ ಮೇಲೆ ಚಾಕುವಲ್ಲಿ ಎರಡು ಗೀರು. ಓವನ್ ಮೊದಲೇ ಕಾಯಿಸಿಟ್ಟು, 200 ಡಿಗ್ರಿಯಲ್ಲಿ 20ರಿಂದ 25 ನಿಮಿಷ, ಹೊಂಬಣ್ಣ ಬರೋವರೆಗೆ.

ಹೊಳಪು ಬರೋಕೆ ಮೇಲೆ ಮೊಟ್ಟೆ ಸವರ್ತಾರೆ. ನಾವು ಹಾಲು ಸವರಿದ್ವಿ. ಆಫೀಸಲ್ಲಿ ಮೊಟ್ಟೆ ತಿನ್ನದವರು ಇದಾರಲ್ಲ, ಅವರ ಊಟದ ಮರ್ಯಾದೆ ನಾವು ಕಾಯ್ಬೇಕಲ್ಲ.

ಮನೆ ತುಂಬ ಚಕ್ಕೆ ಘಮ. ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಯಲ್ಲಿ ಸೇಬು ಅಂದ್ರೆ ಆಸ್ಪತ್ರೆ ಹಣ್ಣು. ಯಾರಾದರೂ ಅಡ್ಮಿಟ್ ಆದ್ರೆ ಮಾತ್ರ ತರ್ತಿದ್ರು. ಅವ್ವ ಒಂದು ಹಣ್ಣನ್ನ ಎಂಟು ಹೋಳು ಮಾಡ್ತಿದ್ಲು. ಮಗಳಿಗೆ ಇದನ್ನ ಹೇಳಿದ್ರೆ ಸಿಪ್ಪೆ ತಿಂತಾ ನಕ್ಕಳು. ಮಲಗೋಕೆ ಮುಂಚೆ ಒಂದು ಕಂಡೀಷನ್ ಹಾಕಿದ್ಲು. "ಕೇಳಿದ್ರೆ ಬೇಕರಿದು ಅನ್ಬೇಡ. ನಾವು ಮಾಡಿದ್ದು ಅನ್ನು."

ಮಾರನೇ ದಿನ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟೆ. ನೋಡೋಕೆ ಥೇಟ್ ಬೇಕರಿ ಐಟಂ. ಕೈಗಳು ಬಂದವು. ಒಂದು, ಎರಡು, ಒಂಬತ್ತು ಹೋಯ್ತು. "ಸೂಪರ್ ಆಗಿದೆ! ಯಾವ ಬೇಕರಿದು ಮೇಡಂ?"

ನಿಜ ಹೇಳ್ತೀನಿ, ಒಂದು ಬೇಕರಿ ಹೆಸರು ನಾಲಿಗೆ ತುದಿಗೆ ಬಂದಿತ್ತು. ಹೇಳಿದ್ರೆ ಡಬ್ಬಿ ಖಾಲಿ ಆಗ್ತಿತ್ತು, ಎಲ್ಲರೂ ಖುಷಿಯಾಗಿರ್ತಿದ್ರು. ಆ ಮೈದಾ ಯಾವ ಫ್ಯಾಕ್ಟರಿಯಲ್ಲಿ ಯಾರ ಕೈಯಲ್ಲಿ ಪ್ಯಾಕ್ ಆಯ್ತೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕೈ ನಡೆಯುತ್ತೆ, ಹತ್ತು ವರ್ಷದಿಂದ ಪಕ್ಕದಲ್ಲಿ ಕೂತು ಅವರ ಬಿಲ್ ಪಾಸ್ ಮಾಡ್ಸೋ ಕೈ ನಡೆಯಲ್ಲ.

"ಮನೇದು. ನಾನೂ ನನ್ನ ಮಗಳೂ ಮಾಡಿದ್ದು" ಅಂದೆ.

ಯಾರೂ ಕೂಗಾಡಲಿಲ್ಲ. "ಓ, ಹೌದಾ" ಅಂದ್ರು, ಅಷ್ಟೇ. ಒಬ್ಬರು ಅರ್ಧ ಕಚ್ಚಿದ್ದನ್ನ ಟಿಶ್ಯೂನಲ್ಲಿ ಸುತ್ತಿ "ಆಮೇಲೆ ತಿಂತೀನಿ" ಅಂದ್ರು. ಹೊಸದಾಗಿ ಬಂದಿರೋ ಹುಡುಗ ಇನ್ನೊಂದು ತಗೊಂಡ. ಕಸ ಗುಡಿಸೋ ಅಮ್ಮ ಒಂದು ತಗೊಂಡು "ರುಚಿಯಾಗದೆ ಕಣವ್ವ" ಅಂದ್ರು. ಐದು ಉಳೀತು. ಸಂಜೆ ಡಸ್ಟ್‌ಬಿನ್ನಲ್ಲಿ ಆ ಟಿಶ್ಯೂ ಕಾಣ್ತು.

ಸಂಘಟನೆಯ ಅಣ್ಣ ಒಬ್ಬರಿಗೆ ಇದನ್ನ ಹೇಳ್ದೆ. "ಅವರಿಗೆ ಯಾಕೆ ತಿನ್ನಿಸೋಕೆ ಹೋಗ್ತೀಯಮ್ಮ? ಅವರು ತಿಂದ್ರೆ ನಾವೇನು ದೊಡ್ಡೋರಾಗ್ತೀವಾ?" ಅಂದ್ರು. ರಾತ್ರಿಯೆಲ್ಲ ಯೋಚನೆ ಮಾಡ್ದೆ. ಚೌಡಾರ್ ಕೆರೆ ನೀರು ಕುಡಿಯದೇ ಹೋದ್ರೆ ನಾವೇನು ಸಾಯಲ್ಲ, ನಾವೂ ಮನುಷ್ಯರು ಅಂತ ತೋರಿಸೋಕೆ ಹೋಗ್ತಿದೀವಿ ಅನ್ನೋ ಅರ್ಥದಲ್ಲಿ ಬಾಬಾಸಾಹೇಬರು ಮಹಾಡದಲ್ಲೇ ಹೇಳಿದಾರೆ. ನಾವು ಮುಟ್ಟಿದ ಮೇಲೆ ಆ ಕೆರೆಗೆ ಸಗಣಿ, ಗಂಜಲ ಸುರಿದು ಶುದ್ಧಿ ಮಾಡಿದ್ರು. ಇವತ್ತು ಅದೇ ಕೆಲಸಕ್ಕೆ ಒಂದು ಟಿಶ್ಯೂ ಸಾಕು. ಅವರು ತಿನ್ನಲಿ ಅಂತ ನಾನು ಬೇಡ್ಕೊಳ್ತಿಲ್ಲ ಅಣ್ಣಾ. ತಿನ್ನದೇ ಇರೋಕೆ ಉಪವಾಸ, ಶುಗರ್ ಅಂತ ನೆಪ ಸಿಗಬಾರದು, ಅಷ್ಟೇ. ಒಂಬತ್ತು ಜನ "ಸೂಪರ್" ಅಂತ ತಿಂದಾಗಿದೆ. ಇನ್ಮುಂದೆ ರುಚಿ ಇಲ್ಲ ಅನ್ನೋಕಾಗಲ್ಲ.

ಇನ್ನೊಂದು ಮಾತು, ಬೇಜಾರಾದ್ರೂ ಹೇಳ್ತೀನಿ. ನಮ್ಮವ್ವ ನಮ್ಮಲ್ಲೇ ಇನ್ನೊಂದು ಕೇರಿಯವರ ಮನೇಲಿ ನೀರು ಮುಟ್ತಿರ್ಲಿಲ್ಲ. ಎಡ, ಬಲ ಅಂತ ನಮ್ಮೊಳಗೂ ಟಿಶ್ಯೂ ಇದೆ. ಹಂಗಾಗಿ ಮುಂದಿನ ಸಭೆಗೆ ಬೇಕರಿ ಬಿಸ್ಕೆಟ್ ಬೇಡ. ಎಲ್ಲರೂ ಮನೆಯಿಂದ ತನ್ನಿ, ಅಣ್ಣಂದಿರು ಕೂಡ ನೀವೇ ಕೈಯಾರೆ ಮಾಡ್ಕೊಂಡು ಬನ್ನಿ. ಯಾರು ಮಾಡಿದ್ದು ಅಂತ ಹೇಳಿ ಬಡಿಸೋಣ.

ಮನೆಗೆ ಹೋದಾಗ ಮಗಳು ಮೊದಲು ಡಬ್ಬಿ ನೋಡಿದ್ಲು. "ಐದೇನಾ? ಹಂಗಾದ್ರೆ ಹನ್ನೊಂದು ಹೋಯ್ತು! ಹೋದ ಸಲಕ್ಕಿಂತ ವಾಸಿ" ಅಂದ್ಲು. ಟಿಶ್ಯೂ ವಿಷಯ ಅವಳಿಗೆ ಹೇಳಿರ್ಲಿಲ್ಲ. ಇಲ್ಲಿ ಬರೆದಿದೀನಿ, ಓದ್ತಾಳೆ. ಓದ್ಲಿ.

ಜೈ ಭೀಮ್.